ಛತ್ರಿ ಎಂದರೆ ಟೀ

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಅಪ್ಪ ಅಣ್ಣನ ಮುಖವನ್ನೇ ನೆಟ್ಟಗೆ ನೋಡಿ "ಛತ್ರಿ" ಎಂದರು.

ಅಣ್ಣನ ಮುಖ ಸಣ್ಣದಾಯಿತು. ಕೆಲಸಕ್ಕೆ ರಜೆ ಹಾಕಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೊಂಟ ಹಿಡಿಸಿಕೊಂಡಿದ್ದ ಮಗನಿಗೆ ಸಿಕ್ಕ ಮೊದಲ ಮಾತು ಇದು. "ನಾನೇನು ಛತ್ರಿ ಕೆಲಸ ಮಾಡ್ದೆ ಈಗ?" ಎಂದು ಅವನು ತಂಗಿಯ ಕಡೆ ತಿರುಗಿದ. ಅಪ್ಪ ಎಡಗೈಯನ್ನು ಬಾಯಿಯ ಹತ್ತಿರ ತಂದು, ಲೋಟ ಹಿಡಿದವರಂತೆ ಬೆರಳು ಮಡಿಸಿ, ಈ ಸಲ ಬೇಡಿಕೊಳ್ಳುವ ದನಿಯಲ್ಲಿ ಮತ್ತೆ "ಛತ್ರಿ" ಎಂದರು. ತಂಗಿ ಒಳಗೆ ಹೋಗಿ ಟೀ ಮಾಡಿ ತಂದಳು. ಅಪ್ಪ ಕುಡಿದರು. ಅಣ್ಣ ಗೋಡೆ ನೋಡುತ್ತ ನಿಂತಿದ್ದವನು ಇದ್ದಕ್ಕಿದ್ದಂತೆ ನಗಲು ಶುರು ಮಾಡಿದ. ನಗುತ್ತಲೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಮನೆಯಲ್ಲಿ ಆ ತಂಗಿಯನ್ನು ಕರೆಯುತ್ತಿದ್ದುದು ಚೂಟಿ ಎಂದು. ವಯಸ್ಸು ನಲವತ್ತರ ಹತ್ತಿರ ಬಂದರೂ ಆ ಹೆಸರು ಹೋಗಿರಲಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಅಮ್ಮ ತೀರಿಕೊಂಡ ಮೇಲೆ ಅಪ್ಪನೂ ಅವಳೂ ಇಬ್ಬರೇ ಆ ಮನೆಯಲ್ಲಿದ್ದರು. ಅಣ್ಣ ಅತ್ತಿಗೆಯ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು.

ಅಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಬೆಳಕು ಹರಿಯುವ ಮೊದಲೇ ಮೂಟೆಗಳ ರಾಶಿಯ ಮೇಲೆ ಹತ್ತಿ ನಿಂತು ಕೂಗಲು ತೊಡಗಿದರೆ ಲಾರಿಯ ಹಾರನ್ನೂ ಅವರ ದನಿಯ ಮುಂದೆ ಸಪ್ಪೆಯಾಗುತ್ತಿತ್ತು. ಮಂಡಿಯವರು ಅವರಿಗೆ ಗಂಟೆಯಣ್ಣ ಎಂದೇ ಹೆಸರಿಟ್ಟಿದ್ದರು. ಕೂಗಿನ ನಡುವೆಯೇ ಒಬ್ಬೊಬ್ಬರ ಕಾಲೆಳೆಯುವುದು, ಜಿಪುಣ ವ್ಯಾಪಾರಿಗೆ ಪ್ರಾಸ ಕಟ್ಟಿ ಚುಚ್ಚುವುದು, ಕೊಳೆತ ಎಲೆಕೋಸಿಗೂ ಮದುವಣಗಿತ್ತಿಯ ವರ್ಣನೆ ಮಾಡುವುದು ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಅಂಥವರ ತಲೆಯೊಳಗೆ ರಕ್ತದ ಒಂದು ಸಣ್ಣ ಗಂಟು ಸಿಕ್ಕಿಕೊಂಡು ಬಲಗೈ ಸೋತಿತು, ಬಾಯಿಯ ಒಂದು ಮೂಲೆ ಜಾರಿತು, ಮಾತು ದಿಕ್ಕಾಪಾಲಾಯಿತು.

"ಅವರಿಗೆ ಎಲ್ಲಾ ಅರ್ಥ ಆಗುತ್ತೆ, ಅದನ್ನ ಮಾತ್ರ ಮರೀಬೇಡಿ," ಎಂದಿದ್ದರು ಮಾತಿನ ಡಾಕ್ಟರು. "ಹೇಳ್ಬೇಕು ಅಂದ್ಕೊಂಡಿದ್ದು ಬಾಯಿಗೆ ಬರೋ ಹೊತ್ತಿಗೆ ಬೇರೆ ಪದ ಆಗಿಬಿಡುತ್ತೆ, ಅಷ್ಟೇ. ಮಾತಾಡಿಸ್ತಾ ಇರಿ. ತಪ್ಪೋ ಸರಿಯೋ, ಆಡ್ತಾ ಇರ್ಲಿ."

ಅಪ್ಪ ಆಡುತ್ತಿದ್ದರು. ಚಮಚ ಬೇಕಾದಾಗ "ಸೋಮವಾರ" ಎನ್ನುತ್ತಿದ್ದರು. ಚಾದರಕ್ಕೆ "ಮಾವ" ಎನ್ನುತ್ತಿದ್ದರು. ಚಳಿಯಾದಾಗ "ಮಾವನ್ನ ಹಾಕು" ಎಂದು ಅವಸರ ಮಾಡುತ್ತಿದ್ದರು. ನೋವಾದರೆ "ಬಾಗಿಲು", ಬಾಗಿಲಿಗೆ ಮಾತ್ರ ಯಾವ ಪದವೂ ಇರಲಿಲ್ಲ. ಚೂಟಿಯನ್ನು ಕರೆಯಲು "ಬೀಗ" ಎನ್ನುತ್ತಿದ್ದರು. ಅತ್ತಿಗೆಯನ್ನು ಕರೆಯುವಾಗ ಮಾತ್ರ ಅವಳ ಹೆಸರೇ ಸರಿಯಾಗಿ ಬರುತ್ತಿತ್ತು. ಅದೊಂದು ಅತ್ತಿಗೆಗೆ ಬಹಳ ಹೆಮ್ಮೆ. ಚೂಟಿ ಕೆಲಸಕ್ಕೆ ಹೋದಾಗ ಅಪ್ಪನ ಹತ್ತಿರ ಇರುತ್ತಿದ್ದವಳು ಅತ್ತಿಗೆಯೇ. ಅವಳಿಗೆ ಗೊತ್ತಾಗಲಿ ಎಂದು ಚೂಟಿ ಈ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಛತ್ರಿ ಎಂದರೆ ಟೀ. ಮಾವ ಎಂದರೆ ಚಾದರ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಚೂಟಿಗೆ ಒಂದು ಹುಚ್ಚಿತ್ತು. ಅವಳು ಪುಟ್ಟ ಪುಸ್ತಕ ಮಾಡುತ್ತಿದ್ದಳು. ಒಂದೇ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮಡಿಸಿ, ಮಧ್ಯದಲ್ಲಿ ಒಂದು ಸೀಳು ಹಾಕಿ ಒಳಕ್ಕೆ ತಳ್ಳಿದರೆ ಅಂಗೈಯಗಲದ ಪುಸ್ತಕವಾಗುತ್ತದೆ. ತಿಳಿದವರು ಅದನ್ನು ಝೀನ್ ಎನ್ನುತ್ತಾರೆ. ಅವಳು ಮಡಚುಪುಸ್ತಕ ಎನ್ನುತ್ತಿದ್ದಳು. ಕಪ್ಪು ಪೆನ್ನಿನ ಚಿತ್ರ, ಕೈಬರಹ, ಹಳೆ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ತುಂಡು. ಆಮೇಲೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದಿಷ್ಟು ಪ್ರತಿ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತ ಅಂಗಡಿಗೆ ಬಂದವರ ಬಗ್ಗೆ ಒಂದು ಮಾಡಿದ್ದಳು. ಬಸ್ಸಿನ ಕಿಟಕಿ ಗಾಜಿಗೆ ತಲೆಯಾನಿಸಿ ನಿದ್ದೆ ಮಾಡುವವರ ಎಣ್ಣೆ ಕಲೆಗಳ ಬಗ್ಗೆ ಇನ್ನೊಂದು. ತಿಂಗಳಿಗೊಮ್ಮೆ ಲೈಬ್ರರಿಯ ಹಿಂಭಾಗದ ಹಾಲಿನಲ್ಲಿ ಇಂಥದೇ ಹುಚ್ಚಿನವರು ಸೇರಿ, ಮೇಜುಗಳ ಮೇಲೆ ತಮ್ಮ ತಮ್ಮ ಪುಸ್ತಕ ಹರಡಿ, ಒಂದಕ್ಕೊಂದು ಬದಲಾಯಿಸಿಕೊಳ್ಳುತ್ತಿದ್ದರು. ಅಪ್ಪ ಮೊದಲು ಇದನ್ನು ಕಂಡು, "ಊರಿಗೆಲ್ಲ ಹಂಚ್ತೀಯ, ಕೂಗಿ ಹಂಚಕ್ಕೆ ನನ್ನ ಕರೀಬಾರದಾ?" ಎಂದು ತಮಾಷೆ ಮಾಡುತ್ತಿದ್ದರು.

ಅಪ್ಪ ಹಾಸಿಗೆ ಹಿಡಿದ ಮೇಲೆ ಅದೆಲ್ಲ ನಿಂತುಹೋಗಿತ್ತು. ಅವಳು ಸುಸ್ತಾಗಿದ್ದಳು. ಅಪ್ಪನಿಗೆ ಮೈ ಒರೆಸುವುದು, ಊಟ ಮಾಡಿಸುವುದು, ಬೇಡದ ಪದಗಳ ನಡುವೆ ಬೇಕಾದದ್ದನ್ನು ಹುಡುಕುವುದು, ಅದು ಸಿಗದಿದ್ದಾಗ ಅಪ್ಪ ಸಿಟ್ಟಿನಿಂದ ತಟ್ಟೆ ನೂಕುವುದು. ಒಂದು ದಿನ ತಟ್ಟೆ ನೆಲಕ್ಕೆ ಬಿದ್ದಾಗ ಅವಳಿಗೆ ಅಪ್ಪನ ಮೇಲೆ ನಿಜವಾದ ದ್ವೇಷ ಬಂತು. ಬಂದದ್ದು ಗೊತ್ತಾಗಿ ಹೆದರಿದಳು. ಆ ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಅವಳು ಫ್ರಿಜ್ಜಿನ ಮೇಲಿದ್ದ ಹಾಳೆ ಕಿತ್ತುಕೊಂಡು ಊಟದ ಮೇಜಿಗೆ ಕೂತಳು.

ಮೊದಲು ಛತ್ರಿ ಬರೆದಳು. ತಲೆಕೆಳಗಾದ ಛತ್ರಿ, ಅದರೊಳಗೆ ಹಬೆಯಾಡುವ ಟೀ, ಹಿಡಿಯನ್ನು ಹಿಡಿದು ಗುಟುಕರಿಸುತ್ತಿರುವ ಅಪ್ಪ. ಬರೆದು ನೋಡಿದಾಗ ಎಷ್ಟೋ ವಾರಗಳ ಮೇಲೆ ಅವಳಿಗೆ ನಗು ಬಂತು. ಆಮೇಲೆ ಕೈ ನಿಲ್ಲಲಿಲ್ಲ. ದಪ್ಪ ಮೀಸೆಯ ಮಾವನನ್ನು ಕುತ್ತಿಗೆಯವರೆಗೆ ಹೊದ್ದು ಮಲಗಿದ ಅಪ್ಪ. ಸೋಮವಾರದಿಂದ ಸಾರು ಸವಿಯುವ ಅಪ್ಪ. ಬಾಯಿಯ ಜಾರಿದ ಮೂಲೆಯನ್ನೂ ಬಿಡದೆ ಬರೆದಳು. ಅದಿಲ್ಲದೆ ಅಪ್ಪ ಅಪ್ಪನಂತೆ ಕಾಣಲಿಲ್ಲ. ಒಂದೊಂದು ಚಿತ್ರ ಮುಗಿದಂತೆ ಎದೆಯ ಮೇಲಿನ ಭಾರ ಒಂದೊಂದು ಸೇರಿನಷ್ಟು ಇಳಿಯುತ್ತಿತ್ತು. ಕೋಣೆಯೊಳಗೆ ಗೊರಕೆ ಹೊಡೆಯುತ್ತಿದ್ದವರ ಮೇಲೆ ಮತ್ತೆ ಅಕ್ಕರೆ ಹುಟ್ಟುತ್ತಿತ್ತು.

ಕೊನೆಯ ಪುಟಕ್ಕೆ ಅವಳು ಸ್ವಲ್ಪ ತಡೆದಳು. ಅಪ್ಪ ಆಗಾಗ ಕಿಟಕಿ ಕಡೆ ನೋಡಿ "ನಾಳೆ ಎಲ್ಲಿ?" ಎಂದು ಕೇಳುತ್ತಿದ್ದರು. ಅದೇನೆಂದು ಯಾರಿಗೂ ತಿಳಿದಿರಲಿಲ್ಲ. ಒಂದು ಸಲ ಗೋಡೆಯ ಮೇಲಿನ ಅಮ್ಮನ ಫೋಟೋ ತೋರಿಸಿ "ನಾಳೆ" ಎಂದಾಗಲೇ ಚೂಟಿಗೆ ಗೊತ್ತಾದದ್ದು. ಅವಳು ಖಾಲಿ ಕುರ್ಚಿಯೊಂದನ್ನು ಬರೆದು, ಕೆಳಗೆ "ನಾಳೆ ಬರಲಿಲ್ಲ" ಎಂದಷ್ಟೇ ಬರೆದಳು.

ಜೆರಾಕ್ಸ್ ಅಂಗಡಿಯಾಕೆ ಮಿಷನ್ನಿಗೆ ಹಾಳೆ ಹಾಕುವ ಮೊದಲು ಓದಿದಳು. ಮೊದಲು ಕಿಸಕ್ಕನೆ ನಕ್ಕಳು. ಕೊನೆಗೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ನಿಮ್ಮಪ್ಪ ನೋಡಿದ್ರಾ ಇದನ್ನ?" ಎಂದು ಕೇಳಿದಳು.

"ಇನ್ನೂ ಇಲ್ಲ. ತೋರಿಸ್ತೀನಿ," ಎಂದಳು ಚೂಟಿ. ತೋರಿಸಬೇಕೆಂದೇ ಇದ್ದಳು. ಆ ಸಂಜೆ ಅಪ್ಪನಿಗೆ ಮೈ ಬಿಸಿಯಿತ್ತು. ಮರುದಿನ ಅಪ್ಪ ಯಾಕೋ ಮಂಕಾಗಿದ್ದರು. ಅಷ್ಟರಲ್ಲಿ ಲೈಬ್ರರಿ ಹಾಲಿನಲ್ಲಿ ಸೇರುವ ದಿನ ಬಂದುಬಿಟ್ಟಿತು.

ಹಾಲಿನಲ್ಲಿ ಅವಳ ಮೇಜಿಗೆ ಜನ ಮುತ್ತಿಕೊಂಡರು. ಅಲ್ಲಿಗೆ ಬರುತ್ತಿದ್ದ ಒಬ್ಬ ನಾಟಕದವನು ಕುರ್ಚಿ ಹತ್ತಿ ನಿಂತು, ಬಾಯಿ ಒಂದು ಕಡೆ ಎಳೆದುಕೊಂಡು, "ಮಾವನ್ನ ಹಾಕು, ಮಾವನ್ನ ಹಾಕು" ಎಂದು ಓದಿದ. ಹಾಲೆಲ್ಲ ಗೊಳ್ಳೆಂದಿತು. ಚೂಟಿಯೂ ನಕ್ಕಳು. ಕುರ್ಚಿ ಮೇಲಿನ ಅವನ ನಿಲುವು ಮೂಟೆಗಳ ಮೇಲಿನ ಅಪ್ಪನ ನಿಲುವಿನಂತೆಯೇ ಇದೆ ಎಂದು ಅರೆಕ್ಷಣ ಅನ್ನಿಸಿತು. ಆದರೂ ನಗು ನಿಲ್ಲಿಸಲಿಲ್ಲ. ಕೊನೆಯ ಪುಟ ಓದಿದಾಗ ನಗು ನಿಂತಿತು. ಯಾರೋ ಬಂದು ಅವಳ ಕೈ ಅದುಮಿದರು. ಇನ್ಯಾರೋ ಪುಟಗಳ ಫೋಟೋ ತೆಗೆದುಕೊಂಡರು. ತಂದ ಪ್ರತಿಗಳಲ್ಲಿ ಒಂದೂ ಉಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಆ ಫೋಟೋಗಳು ಫೋನಿನಿಂದ ಫೋನಿಗೆ ಹಾರಿ ಎಲ್ಲೆಲ್ಲಿ ಹೋದವೋ, ಒಂದು ರಜೆಯ ದಿನ ಆಲೂಗಡ್ಡೆ ವ್ಯಾಪಾರಿಯ ಜೊತೆ ಮನೆಗೇ ಬಂದವು. ಅವನು ಅಪ್ಪನ ಹಳೆಯ ಗೆಳೆಯ, ಕೆಟ್ಟವನಲ್ಲ. ಒಂದು ಚೀಲ ಹಣ್ಣು ತಂದಿದ್ದ. ಕಾಯಿಲೆಯವರ ಮುಂದೆ ಏನು ಮಾತಾಡುವುದು ತಿಳಿಯದೆ, ನಗಿಸೋಣ ಎಂದುಕೊಂಡಿರಬೇಕು. ಬಾಗಿಲಲ್ಲೇ, "ಏನ್ ಗಂಟೆಯಣ್ಣ, ಛತ್ರಿ ಕುಡಿದ್ಯಾ?" ಎಂದ.

ಅಪ್ಪ ತಲೆಯೆತ್ತಿದರು.

"ಮಂಡಿಯಲ್ಲೆಲ್ಲ ಇದೇ ಮಾತು. ಟೀ ಅಂಗಡಿಯವನಿಗೆ ಎಲ್ಲರೂ ಎರಡು ಛತ್ರಿ ಕೊಡು, ಮೂರು ಛತ್ರಿ ಕೊಡು ಅಂತಾರೆ. ನೋಡು, ನೋಡು," ಎನ್ನುತ್ತ ಅವನು ಫೋನು ತೆಗೆದು ಅಪ್ಪನ ಮುಖದ ಹತ್ತಿರ ಹಿಡಿದ.

ಚೂಟಿ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಳು. ಅಪ್ಪ ಎಡಗೈ ಬೆರಳಿನಿಂದ ಒಂದೊಂದೇ ಚಿತ್ರ ಸರಿಸುತ್ತಿದ್ದರು. ಒಂದು ಚಿತ್ರದ ಹತ್ತಿರ ಬೆರಳು ನಿಂತಿತು. ಇನ್ನೊಂದು ಕೈ ಸೋತದ್ದಾದ್ದರಿಂದ ಅದೇ ಬೆರಳನ್ನು ಎತ್ತಿ ತಮ್ಮ ಬಾಯಿಯ ಜಾರಿದ ಮೂಲೆಯನ್ನು ಮುಟ್ಟಿಕೊಂಡರು. ಮನೆಯ ಕನ್ನಡಿಯನ್ನು ಅವರು ಆಸ್ಪತ್ರೆಯಿಂದ ಬಂದ ದಿನವೇ ಅವಳು ತೆಗೆದಿಟ್ಟಿದ್ದಳು. ಕೊನೆಯ ಚಿತ್ರದ ಖಾಲಿ ಕುರ್ಚಿಯನ್ನು ತುಂಬ ಹೊತ್ತು ನೋಡಿದರು. ವ್ಯಾಪಾರಿಯ ನಗು ಅಲ್ಲೇ ಒಣಗಿತು. "ಬರ್ತೀನಮ್ಮ," ಎಂದು ಎದ್ದು ಹೋದ.

ಚೂಟಿ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. "ಅಪ್ಪಾ, ನಾನು ಮಾಡಿದ್ದು ಅದು. ನಗಕ್ಕಲ್ಲ. ನಿನಗೆ ತೋರಿಸ್ಬೇಕು ಅಂತಲೇ ಇದ್ದೆ," ಎಂದಳು. ಅಪ್ಪ ಅವಳನ್ನು ನೋಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು.

ಅಂದಿನಿಂದ ಅವರು ಮಾತು ನಿಲ್ಲಿಸಿದರು. ತಪ್ಪು ಮಾತೂ ಇಲ್ಲ, ಸರಿ ಮಾತೂ ಇಲ್ಲ. ಟೀ ಬೇಕಾದರೆ ಲೋಟ ತೋರಿಸುತ್ತಿದ್ದರು. ಚಳಿಯಾದರೆ ಸುಮ್ಮನೆ ನಡುಗುತ್ತಿದ್ದರು, ಯಾರಾದರೂ ಗಮನಿಸುವವರೆಗೆ. ಅತ್ತಿಗೆಯ ಹೆಸರೂ ಬಾಯಿಂದ ಬರಲಿಲ್ಲ. ಮಾತಿನ ಡಾಕ್ಟರು ಚಿತ್ರದ ಕಾರ್ಡು ಹಿಡಿದು ಕೇಳಿದರೆ ತುಟಿ ಬಿಗಿದು ಕೂರುತ್ತಿದ್ದರು. ಡಾಕ್ಟರು ಚೂಟಿಯನ್ನು ಹೊರಗೆ ಕರೆದು, "ಹೀಗೆ ಬಿಟ್ರೆ ಬಂದಿರೋ ಮಾತೂ ಕೈತಪ್ಪಿ ಹೋಗುತ್ತೆ. ಈಗಿನ ಕೆಲವು ತಿಂಗಳು ಬಹಳ ಮುಖ್ಯ," ಎಂದರು. ಏನಾಯಿತೆಂದು ಅವರು ಕೇಳಲಿಲ್ಲ. ಅವರ ಫೋನಿಗೂ ಬಂದಿತ್ತೋ ಏನೋ.

ಅಣ್ಣ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಅಪ್ಪ ಜನ್ಮವೆಲ್ಲ ತರಕಾರಿ ಹರಾಜು ಹಾಕ್ದ. ನೀನು ಅಪ್ಪನ್ನೇ ಹರಾಜು ಹಾಕ್ದೆ."

"ಮೆಲ್ಲಗೆ ಮಾತಾಡು, ಕೇಳಿಸುತ್ತೆ."

"ಕೇಳಿಸ್ಲಿ. ಅಪ್ಪನಿಗೆ ಕೇಳಿಸುತ್ತೆ ಅಂತ ನೀನು ಯೋಚಿಸಿದ್ಯಾ? ನನ್ನ ಆಫೀಸಲ್ಲಿ ಒಬ್ಬ ಬಂದು ತೋರಿಸಿದ, ನಮ್ಮಪ್ಪ ಅಂತ ಗೊತ್ತಿಲ್ಲದೆ. ನಾನೂ ಹೆಹ್ಹೆ ಅಂದೆ. ಏನು ಮಾಡ್ಲಿ?"

"ನೀನು ವಾರಕ್ಕೊಂದು ಸಲ ಬಂದು ನೆತ್ತಿ ಸವರಿ ಹೋಗ್ತೀಯ. ನನಗೆ ತಲೆ ಕೆಟ್ಟುಹೋಗಿತ್ತು. ಅದನ್ನ ಬರೀದೆ ಇದ್ದಿದ್ರೆ ನಾನು ಅಪ್ಪನ ಮೇಲೆ ಕೈ ಎತ್ತಿರ್ತಿದ್ದೆ, ಗೊತ್ತಾ ನಿನಗೆ?"

ಅಣ್ಣ ಅವಳನ್ನೇ ನೋಡಿದ. "ಬರ್ಕೋ. ಯಾರು ಬೇಡ ಅಂದ್ರು? ಬರೆದು ಪೆಟ್ಟಿಗೇಲಿ ಇಟ್ಕೋ. ಊರಿಗೆ ಯಾಕೆ ಹಂಚ್ದೆ?"

ಅವಳ ಹತ್ತಿರ ಇದ್ದ ಉತ್ತರ ಹೇಳುವಂಥದ್ದಾಗಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟರೆ ಹಾಲಿನಲ್ಲಿ ಯಾರೂ ಬಂದು ಕೈ ಅದುಮುತ್ತಿರಲಿಲ್ಲ. ಅತ್ತಿಗೆ ನಡುವೆ ಬಂದು ಗಂಡನ ಕೈಗೆ ನೀರಿನ ಲೋಟ ಕೊಟ್ಟಳು. ಹೋಗುವಾಗ ಚೂಟಿಯ ಹತ್ತಿರ ನಿಂತು, "ನನಗೂ ಚೆನ್ನಾಗೇ ಅನ್ನಿಸ್ತು ಅದು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನನ್ನ ಹಾಗೆ ಬರೆದಿದ್ರೆ ನಿನ್ನ ಜೊತೆ ಮಾತು ಬಿಡ್ತಿದ್ದೆ," ಎಂದಳು.

ಫೋನಿನಲ್ಲಿ ಹೋದದ್ದನ್ನು ಯಾರೂ ಹಿಂದಕ್ಕೆ ಕರೆಯಲಾರರು. ಕಾಗದವನ್ನಾದರೂ ವಾಪಸು ತರೋಣ ಎಂದು ಚೂಟಿ ಹೊರಟಳು. ಕೆಲಸ ಬಿಟ್ಟ ಮೇಲೆ ಒಬ್ಬೊಬ್ಬರ ಮನೆ, ಅಂಗಡಿ, ಕಾಲೇಜು ಹುಡುಕಿಕೊಂಡು ಹೋದಳು. ಕೊಟ್ಟದ್ದನ್ನು ತಿರುಗಿ ಕೇಳುವುದು ಎಂಥ ಮುಜುಗರ ಎಂದು ಆಗ ಗೊತ್ತಾಯಿತು. ಕೆಲವರು ಪುಸ್ತಕದ ಕಪಾಟಿನಿಂದ ತೆಗೆದು ಕೊಟ್ಟರು. ಕೆಲವರು ಎಲ್ಲೋ ಇಟ್ಟಿದ್ದೀವಿ ಎಂದು ತಲೆ ಕೆರೆದುಕೊಂಡರು. ನಾಟಕದವನು ಕೊಡುವಾಗ, "ಕಲೆಗೆ ಇಷ್ಟು ಹೆದರಬಾರದು," ಎಂದ. "ನೀವು ಒಂದು ಸಲ ಅವರ ಮುಂದೆ ಓದಿ ತೋರಿಸಿ, ಬನ್ನಿ," ಎಂದಳು ಚೂಟಿ.

ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮಾತ್ರ ಕೊಡಲು ಒಪ್ಪಲಿಲ್ಲ. ಪುಸ್ತಕ ಅವಳ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ನೂಲುಂಡೆಗಳ ಜೊತೆ ಇತ್ತು. "ನಮ್ಮಮ್ಮನಿಗೂ ಹೀಗೇ ಆಗಿತ್ತು," ಎಂದಳು. "ಅವಳ ಮಾತಿಗೆ ನಾನು ಒಂದು ದಿನಾನೂ ನಗಲಿಲ್ಲ. ಬರೀ ತಿದ್ದಿದೆ. ಹಾಗಲ್ಲಮ್ಮ, ಹೀಗನ್ನು, ಹೀಗನ್ನು ಅಂತ ಸಾಯೋವರೆಗೂ ತಿದ್ದಿದೆ. ಇದನ್ನ ಕೊಡಲ್ಲ ನಾನು. ನಿಮ್ಮಪ್ಪನ ಹತ್ರ ಕ್ಷಮೆ ಕೇಳಿದೆ ಅಂತ ಹೇಳಿ." ಚೂಟಿ ಒತ್ತಾಯ ಮಾಡದೆ ಎದ್ದಳು. ದಾರಿಯುದ್ದಕ್ಕೂ ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಅವಳಿಗೆ ಇನ್ನಷ್ಟು ಕಗ್ಗಂಟಾಯಿತು. ತಪ್ಪು ಎಂದಷ್ಟೇ ಆಗಿದ್ದರೆ ಎಷ್ಟೋ ಸುಲಭವಾಗಿತ್ತು.

ಸಿಕ್ಕಷ್ಟನ್ನು ತಂದು, ರಜೆಯ ಮಧ್ಯಾಹ್ನ, ಅಪ್ಪನ ಮುಂದಿನ ಮೇಜಿನ ಮೇಲೆ ಸುರಿದಳು. ತಾನು ಮೊದಲು ಬರೆದ ಮೂಲ ಹಾಳೆಯನ್ನೂ ಇಟ್ಟಳು. "ಇಷ್ಟು ಸಿಕ್ತು. ಒಂದು ಕೊಡಲಿಲ್ಲ, ಒಂದಿಷ್ಟು ಕಳೆದುಹೋಗಿವೆ. ಫೋನಲ್ಲಿರೋದಕ್ಕೆ ನನ್ನ ಕೈಲಿ ಏನೂ ಆಗಲ್ಲ. ಇವನ್ನ ಏನು ಬೇಕಾದ್ರೂ ಮಾಡು. ಸುಡು ಅಂದ್ರೆ ಸುಡ್ತೀನಿ," ಎಂದಳು. ಹೊಲಿಗೆಯವಳ ಮಾತನ್ನೂ ಹೇಳಿದಳು. ಅಪ್ಪ ಕೇಳಿಸಿಕೊಂಡರು.

ಅವರು ಒಂದು ಪ್ರತಿಯನ್ನು ಎಡಗೈಯಲ್ಲಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಪುಟ ತಿರುವಲು ಹೆಣಗಿದರು. ಚೂಟಿ ಕೈ ಚಾಚಿದಳು. ಅವರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅಪ್ಪ ಎಲ್ಲವನ್ನೂ ಓದಿದರು. ಮಾವನ ಪುಟದಲ್ಲಿ ಅವರ ಕಣ್ಣಿನ ಸುತ್ತ ಏನೋ ಸಡಿಲವಾದಂತೆ ಅವಳಿಗೆ ಕಂಡಿತು. ಹಾಗೆ ಕಾಣಲಿ ಎಂದು ಅವಳೇ ಆಸೆಪಟ್ಟಿದ್ದೂ ಇರಬಹುದು. ಕೊನೆಯ ಪುಟಕ್ಕೆ ಬಂದು, ಪುಸ್ತಕವನ್ನು ಮೇಜಿನ ಮೇಲಿಟ್ಟು, ಮೊಣಕೈಯಿಂದ ಒತ್ತಿ ಹಿಡಿದು, ಆ ಪುಟವನ್ನು ಹರಿಯತೊಡಗಿದರು. ಕಾಗದ ಸೊಟ್ಟಸೊಟ್ಟವಾಗಿ ಸೀಳಿತು. ಖಾಲಿ ಕುರ್ಚಿಯ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಆಮೇಲೆ ಎರಡನೆಯ ಪ್ರತಿ. ಆಮೇಲೆ ಮೂರನೆಯದು. ಅವರ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಒಂದು ಪ್ರತಿಯನ್ನು ಅವಳ ಕಡೆ ನೂಕಿ, ಕತ್ತರಿಯತ್ತ ಗಲ್ಲ ಎತ್ತಿದರು. ಅವಳು ಕತ್ತರಿಸಿ ಕೊಟ್ಟಳು, ಅವರು ಜೇಬಿಗೆ ತುಂಬಿಕೊಂಡರು. ಮಾತಿಲ್ಲದೆ ತಂದೆ ಮಗಳು ಆ ಮಧ್ಯಾಹ್ನವೆಲ್ಲ ಅದನ್ನೇ ಮಾಡಿದರು. ಜೇಬು ಉಬ್ಬಿತು. ಮೂಲ ಹಾಳೆಯ ಸರದಿ ಬಂದಾಗ ಚೂಟಿಯ ಕೈ ತಡೆಯಿತು. ಅವಳು ಬರೆದದ್ದರಲ್ಲೆಲ್ಲ ಒಳ್ಳೆಯದು ಆ ಖಾಲಿ ಕುರ್ಚಿಯೇ ಎಂದು ಅವಳಿಗೆ ಗೊತ್ತಿತ್ತು, ಆಗಲೂ.

ಅಪ್ಪ ಅವಳ ಮುಖ ನೋಡಿದರು. "ನಂದು," ಎಂದರು.

ವಾರಗಟ್ಟಲೆ ಮುಚ್ಚಿದ್ದ ಗಂಟಲಿನಿಂದ ದನಿ ಕೆರೆದುಕೊಂಡು ಬಂತು, ಆದರೆ ಪದ ಸರಿಯಾಗಿತ್ತು. ಅವಳು ಕತ್ತರಿಸಿ ಕೊಟ್ಟಳು.

ಉಳಿದ ಪುಟಗಳನ್ನು ಅವರು ಮುಟ್ಟಲಿಲ್ಲ. ಇಟ್ಟುಕೋ ಎಂದು ಅರ್ಥವೋ, ಎಸೆ ಎಂದು ಅರ್ಥವೋ, ಅವಳು ಕೇಳಲೂ ಇಲ್ಲ. ಕೊನೆಯಿಲ್ಲದ ಪುಸ್ತಕಗಳನ್ನು ಒಂದು ಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟಳು.

ಮಾತು ಹಿಂತಿರುಗಿತು, ಆದರೆ ಎಲ್ಲರಿಗೂ ಒಂದೇ ಸಮನಾಗಿ ಅಲ್ಲ. ಅತ್ತಿಗೆಯ ಜೊತೆ ಮೊದಲಿನಂತೆ ಆಡತೊಡಗಿದರು. ಅಣ್ಣನನ್ನು ಒಂದು ದಿನ ಅವನ ಹೆಸರು ಹಿಡಿದೇ ಕರೆದರು. ಅವನು ಮತ್ತೆ ಬಾತ್‌ರೂಮಿಗೆ ಹೋಗಿ ಬಂದ. ಚೂಟಿ ಎದುರಿಗೆ ಬಂದರೆ ಮಾತ್ರ ಅಪ್ಪ ಮೊದಲು ಅವಳ ಕೈ ನೋಡುತ್ತಿದ್ದರು. ಕೈಯಲ್ಲಿ ಪೆನ್ನಿದ್ದರೆ, ಅದು ಅಂಗಡಿಯ ರಸೀದಿ ಬರೆಯುವ ಪೆನ್ನಾದರೂ ಸರಿ, ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವಳು ಅಭ್ಯಾಸ ಮಾಡಿಕೊಂಡಳು. ಕೋಣೆಯ ಹೊರಗೇ ಎಲ್ಲ ಇಟ್ಟು, ಎರಡೂ ಅಂಗೈ ಕಾಣುವಂತೆ ಒಳಗೆ ಬರುತ್ತಿದ್ದಳು. ಲೈಬ್ರರಿಯ ಹಾಲಿಗೆ ಹೋಗುವುದನ್ನು ಬಿಟ್ಟಿದ್ದಳು. ಒಂದೆರಡು ಸಲ ಹಾಳೆ ಮಡಿಸಿ ಸೀಳು ಹಾಕಿದ್ದಳು, ಏನು ಬರೆಯಲು ಹೋದರೂ ಅದರಲ್ಲಿ ಯಾರಾದರೊಬ್ಬರ ಮುಖ ಬರುತ್ತಿತ್ತು, ಹಾಗೇ ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಅವಳು ಅಪ್ಪನ ತಲೆ ಬಾಚುತ್ತಿದ್ದಾಗ ಅವರು ಕಿಟಕಿಯಾಚೆ ಏನನ್ನೋ ಕಂಡು ಒಂದು ಮಾತು ಹೇಳಿದರು. ಎರಡು ಪದಗಳ ಮಾತು. ಎಷ್ಟು ವಿಚಿತ್ರವಾಗಿ, ಎಷ್ಟು ಚೆನ್ನಾಗಿ ಕೂಡಿಕೊಂಡಿತ್ತೆಂದರೆ ಅವಳ ಕೈ ಬಾಚಣಿಗೆಯ ಮೇಲೇ ಬಿಗಿಯಾಯಿತು. ಅಪ್ಪ ತಟ್ಟನೆ ಅವಳ ಕೈ ಕಡೆ ನೋಡಿದರು. "ಬಾಚಣಿಗೆ ಅಪ್ಪಾ," ಎಂದಳು. ಅವರು ತಲೆ ಮತ್ತೆ ಮುಂದಕ್ಕೆ ಬಾಗಿಸಿದರು. ಅವಳು ಬಾಚುವುದನ್ನು ಮುಗಿಸಿ, ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಮೇಜಿನ ಮೇಲೆ ಕಾಗದವಿತ್ತು. ಬರೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಕೂತಾಗ ಮಾತು ಮರೆತುಹೋಗಿತ್ತು. ಮೊದಲ ಪದ ನಾಲಿಗೆಯ ತುದಿಯವರೆಗೆ ಬರುವುದು, ಅಲ್ಲಿಂದ ಜಾರುವುದು. ಹತ್ತಿರದ ಪದಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದಳು, ಯಾವುದೂ ಕೂರಲಿಲ್ಲ. ಅಂಗಡಿಯಲ್ಲಿ ಗಾಜು ಉಜ್ಜುತ್ತ ಹುಡುಕಿದಳು. ಕೊನೆಗೆ ತಡೆಯಲಾರದೆ ಮನೆಗೆ ಫೋನು ಮಾಡಿ, ಅಪ್ಪನ ಕಿವಿಗೆ ಹಿಡಿಯಲು ಅತ್ತಿಗೆಗೆ ಹೇಳಿದಳು.

"ಅಪ್ಪಾ, ಬೆಳಿಗ್ಗೆ ಕಿಟಕಿ ಹತ್ರ ಏನೋ ಅಂದ್ಯಲ್ಲ. ಏನದು?"

ಆಚೆಯಿಂದ ಉಸಿರು ಮಾತ್ರ ಕೇಳಿಸುತ್ತಿತ್ತು. ಅವರು ನೆನಪು ಮಾಡಿಕೊಳ್ಳುತ್ತಿದ್ದರೋ, ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದರೋ.

"ಬೀಗ," ಎಂದರು ಆಮೇಲೆ.

ಅದು ಬೆಳಗಿನ ಮಾತಾಗಿರಲಿಲ್ಲ. ಅವಳನ್ನು ಕರೆದದ್ದೋ, ಇಷ್ಟು ಸಾಕು ಎಂದದ್ದೋ ಅವಳಿಗೆ ತಿಳಿಯಲಿಲ್ಲ. "ಹೂಂ ಅಪ್ಪಾ, ನಾನೇ," ಎಂದಳು. ಮುಂದಿನ ಕೋಣೆಯಿಂದ ಯಾರೋ ಕನ್ನಡಕ ಆಯಿತಾ ಎಂದು ಕೇಳುತ್ತಿದ್ದರು.